ಸಹಾಯ ಬೇಕು: ಕಪ್ಪು-ಬಿಳುಪು ಸಿನಿಮಾ ಟಿವಿಯಲ್ಲಿ ಬೂದಿ ಬಣ್ಣ ಆಗಿದೆ

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ, ಕಂಬಳಿ ಹೊದ್ದು 1949ರ ‘ದಿ ಥರ್ಡ್ ಮ್ಯಾನ್’ ಹಾಕಿಕೊಂಡು ಕೂತೆ. ಹಳೇ ಕಾಲದ, ಹೆಚ್ಚುಕಮ್ಮಿ ಚೌಕಾಕಾರದ 4:3 ಚೌಕಟ್ಟು ಅಲ್ವಾ, ಟಿವಿ ಅದನ್ನು ಅಡ್ಡಕ್ಕೆ ಎಳೆದು ಎಲ್ಲರ ಮುಖ ಊದಿಸಿಬಿಟ್ಟಿದೆ. ಅದನ್ನಾದರೂ ಸಹಿಸಬಹುದು. ಆದರೆ ಕತ್ತಲ ಬಾಗಿಲಲ್ಲಿ ಶೂ ಪಕ್ಕ ಬೆಕ್ಕು ಕೂತಿರುತ್ತದೆ, ಕಿಟಕಿಯೊಂದರ ದೀಪ ಹತ್ತಿ ನಟ ಆರ್ಸನ್ ವೆಲ್ಸ್ ಮುಖಕ್ಕೆ ಬೆಳಕು ಬೀಳುತ್ತದಲ್ಲ (ನೋಡದವರು ಕ್ಷಮಿಸಿ, ಗುಟ್ಟು ಬಿಟ್ಟುಕೊಟ್ಟೆ), ಅಲ್ಲಿ ಕಪ್ಪು ಕಪ್ಪಾಗಿಲ್ಲ, ಬರೀ ಬೂದಿ. ಮಜಾನೇ ಹೋಯಿತು. ಬ್ರೈಟ್‌ನೆಸ್ ಇಳಿಸಿದರೆ ಬೆಕ್ಕೇ ಮಾಯ! ವಿವಿಡ್ ಮೋಡ್ ತೆಗೆದು ಸಿನಿಮಾ ಮೋಡ್ ಹಾಕಿದೆ, ಸ್ವಲ್ಪ ವಾಸಿ. ಇನ್ನೇನು ಬದಲಿಸಬೇಕು? 4:3 ಆಯ್ಕೆ ಯಾವ ಮೆನುವಿನಲ್ಲಿರುತ್ತದೆ? ಮಳೆ ಸದ್ದಿಗೆ ಮಾತು ಬೇರೆ ಕೇಳಿಸುತ್ತಿಲ್ಲ, ಅದಕ್ಕೂ ಉಪಾಯ ಇದ್ದರೆ ತಿಳಿಸಿ. ಅರ್ಧಕ್ಕೇ ನಿಲ್ಲಿಸಿ ಕೂತಿದ್ದೇನೆ, ಗೊತ್ತಿದ್ದವರು ಸ್ವಲ್ಪ ಬೇಗ ಹೇಳಿ.