ಅಂಗಡಿಯಲ್ಲಿ ಸಿಗದ ಅಬ್ಬಲಿಗೆ ಬೀಜ

ಪ್ರಶ್ನೆ: ನಮಸ್ತೆ ಸರ್. ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಅಮ್ಮನ ಮನೆಯ ಅಂಗಳದಲ್ಲಿ ತೆಳು ಕೇಸರಿ ಬಣ್ಣದ ಹಳೇ ಅಬ್ಬಲಿಗೆ (ಕನಕಾಂಬರ) ಸಾಲು ಇತ್ತು. ಮನೆ ರಿಪೇರಿ ಮಾಡಿಸುವಾಗ ಎಲ್ಲಾ ಹೋಯಿತು. ಪೇಟೆಯ ಬೀಜದಂಗಡಿಯಲ್ಲಿ ಕೇಳಿದರೆ ಚೆಂಡುಹೂವು, ಜಿನಿಯಾ ತೋರಿಸುತ್ತಾರೆ. ಆನ್‌ಲೈನಲ್ಲಿ ತರಿಸಿದ ಪೊಟ್ಟಣದ್ದು ಒಂದೂ ಹುಟ್ಟಲಿಲ್ಲ. ನರ್ಸರಿಯಿಂದ ತಂದ ಗಿಡವೊಂದು ಎರಡು ವರ್ಷದಿಂದ ಮೈತುಂಬ ಹೂ ಬಿಡುತ್ತಿದೆ, ಬೀಜ ಮಾತ್ರ ಕಟ್ಟುವುದೇ ಇಲ್ಲ. ಗೊಬ್ಬರ ಸಾಲದಾ?

ಉತ್ತರ (ನರ್ಸರಿಯವರು): ಗೊಬ್ಬರದ ತಪ್ಪಲ್ಲ ಅಕ್ಕ. ನಿಮ್ಮಲ್ಲಿರುವುದು ಬಹುಶಃ ಡೆಲ್ಲಿ ಕನಕಾಂಬರ. ಬಣ್ಣ ಗಾಢ ಕೇಸರಿ ಅಲ್ಲವಾ? ಬೀಜ ಕಟ್ಟುವ ಅಬ್ಬಲಿಗೆಯಲ್ಲಿ ವರ್ಣತಂತುಗಳ (ಜೀವಕೋಶದೊಳಗೆ ಗಿಡದ ಗುಣ ಹೊತ್ತ ಎಳೆಗಳ) ಕಂತೆ ಸಮಸಂಖ್ಯೆಯಲ್ಲಿದ್ದರೆ, ಇದರಲ್ಲಿ ಮೂರು. ಮೂರನ್ನು ಸಮ ಪಾಲು ಮಾಡಲು ಬರುವುದಿಲ್ಲವಲ್ಲ, ಹಾಗಾಗಿ ಬೀಜ ಕಟ್ಟದು. ಬೀಜವಿಲ್ಲದ ಕಲ್ಲಂಗಡಿಯದೂ ಇದೇ ಕಥೆ. ಡೆಲ್ಲಿಯನ್ನು ಕಡ್ಡಿ ನೆಟ್ಟೇ ಹೆಚ್ಚಿಸಬೇಕು. ‘ಡೆಲ್ಲಿ ಕನಕಾಂಬರ ಬೀಜ’ ಅಂತ ಯಾರಾದರೂ ಪೊಟ್ಟಣ ಮಾರಿದರೆ ದುಡ್ಡು ಕೊಡಬೇಡಿ.

ನಿಮಗೆ ಬೇಕಾದದ್ದು ಬೀಜ ಕಟ್ಟುವ ನಾಟಿ ಜಾತಿ. ಅದು ಅಂಗಡಿಗೆ ಬರುವುದು ಅಪರೂಪ, ಯಾಕೆಂದರೆ ಕೊಯ್ಯುವುದೇ ಕಷ್ಟ. ಒಂದು ಕಾಯಲ್ಲಿ ಹೆಚ್ಚೆಂದರೆ ನಾಲ್ಕು ಬೀಜ. ಒಣಗಿದ ತೆನೆಗೆ ಮಳೆಹನಿ ಬಿತ್ತೋ, ಕಾಯಿ ಪಟ್ಟನೆ ಸಿಡಿದು ಬೀಜ ಅಂಗಳದಾಚೆ. ಅದಕ್ಕೇ ಬುಡದಲ್ಲಿ ಹುಡುಕಿದರೆ ಸಿಗದೆ, ಮಾರು ದೂರದ ಕಲ್ಲುಸಂದಿಯಲ್ಲಿ ಸಸಿ ಎದ್ದಿರುತ್ತದೆ. ಹಳೇ ಅಂಗಳ ಒಮ್ಮೆ ನೋಡಿ, ಪಾಗಾರದ ಬದಿಯಲ್ಲಿ ಒಂದೆರಡು ಉಳಿದಿದ್ದರೂ ಉಳಿದಿರಬಹುದು.

ಇಲ್ಲದಿದ್ದರೆ ದಿನಾ ದೇವರಿಗೆ ದಂಡೆ ಕಟ್ಟುವ ಮನೆಗಳಲ್ಲಿ ವಿಚಾರಿಸಿ. ಹೂ ಉದುರಿ ಕಂದಾದ ತೆನೆಯನ್ನು ಬಿಸಿಲೇರಿದ ಮೇಲೆ, ಒಣಗಿದ್ದಾಗಲೇ ಕತ್ತರಿಸಿ ತನ್ನಿ. ಅಗಲ ಪಾತ್ರೆಯಲ್ಲಿಟ್ಟು ನಾಲ್ಕು ಹನಿ ನೀರು ಚಿಮುಕಿಸಿ, ತಕ್ಷಣ ಮುಚ್ಚಳ ಹಾಕಿ. ತಕ್ಷಣ ಅಂದರೆ ತಕ್ಷಣ. ನಾನು ಮೊದಲ ಸಲ ಬಗ್ಗಿ ನೋಡಲು ಹೋಗಿ ಕನ್ನಡಕಕ್ಕೆ ಹೊಡೆಸಿಕೊಂಡಿದ್ದೆ.

ಬಿತ್ತಲು ಮರಳು, ಹಳೇ ಸಗಣಿಗೊಬ್ಬರದ ಪುಡಿ ಸಾಕು. ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ಮಲೆನಾಡಿನ ಆಷಾಢದ ಮಳೆಗೆ ಸಿಕ್ಕರೆ ಕೊಳೆಯುತ್ತದೆ, ಸೂರಿನ ಕೆಳಗಿಡಿ. ಎಲ್ಲವೂ ಒಟ್ಟಿಗೆ ಹುಟ್ಟುವುದಿಲ್ಲ, ಒಂದು ತಿಂಗಳಾದರೂ ಕಾಯಿರಿ.

ಇನ್ನೊಬ್ಬರು: ಸರ್, ನಾನು ಸಂಪಿಗೆ ಬೀಜ ತರಿಸಿದ್ದೆ. ಮೂರು ತಿಂಗಳಾದರೂ ಸುಳಿವಿಲ್ಲ.

ಉತ್ತರ: ಬರುವುದೂ ಇಲ್ಲ. ಸಂಪಿಗೆ ಬೀಜದಲ್ಲಿ ಎಣ್ಣೆಯಂಶ ಜಾಸ್ತಿ, ಒಣಗಿಸಿ ಇಟ್ಟರೆ ಕೆಲವೇ ವಾರದಲ್ಲಿ ಜೀವ ಹೋಗುತ್ತದೆ. ಕಾಯಿ ಬಿರಿದಾಗಲೇ ಆರಿಸಿ, ಮೇಲಿನ ಕೆಂಪು ತಿರುಳು ಉಜ್ಜಿ ತೆಗೆದು ಬಿತ್ತಬೇಕು. ಬೀಜದ ಗಿಡ ಹೂ ಬಿಡಲು ಎಂಟು ಹತ್ತು ವರ್ಷ. ಕಸಿ ಗಿಡವಾದರೆ ಎರಡು ಮೂರು ವರ್ಷ. ಕಸಿಯನ್ನೇ ತನ್ನಿ.

ಮತ್ತೊಬ್ಬರು: ನಾನು ಜರ್ಮನಿಯಲ್ಲಿದ್ದೇನೆ. ಅತ್ತೆ ಬರುವಾಗ ಕನಕಾಂಬರ ಬೀಜವನ್ನು ಸಾಸಿವೆ ಡಬ್ಬಿಯಲ್ಲಿ ಹಾಕಿ ತರುತ್ತೇನೆ ಅನ್ನುತ್ತಿದ್ದಾರೆ. ತೊಂದರೆ ಇಲ್ಲ ತಾನೆ?

ಉತ್ತರ: ಇದೆ. 2019ರ ಡಿಸೆಂಬರ್ 14ರಿಂದ ಯುರೋಪ್ ಒಕ್ಕೂಟಕ್ಕೆ ಹೊರಗಿನಿಂದ ಬರುವ ಬಿತ್ತನೆ ಬೀಜಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಲಗೇಜಿನಲ್ಲಿ ಒಂದು ಚಿಟಿಕೆ ತಂದರೂ. ಅತ್ತೆಯವರನ್ನು ವಿಮಾನ ನಿಲ್ದಾಣದಲ್ಲಿ ನಿಲ್ಲಿಸಿ ಕೇಳುವಂತೆ ಮಾಡಬೇಡಿ. ಕನಕಾಂಬರವನ್ನು ಅಲ್ಲಿಯೂ ಮನೆಯೊಳಗಿನ ಕುಂಡದ ಗಿಡವಾಗಿ ಮಾರುತ್ತಾರೆ, ಅದನ್ನೇ ಕೊಳ್ಳಿ. ಚಳಿಗೆ ಕಿಟಕಿಯಾಚೆ ಇಟ್ಟರೆ ಉಳಿಯದು.

ಬೆಂಗಳೂರಿನವರೊಬ್ಬರು: ಹೊಸ ತಳಿ ಬೇಕಾದರೆ ಎಲ್ಲಿ ಕೇಳಬೇಕು?

ಉತ್ತರ: ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. ಅರ್ಕ ಅಂಬರ, ಅರ್ಕ ಕನಕ ಅಲ್ಲಿನ ಕನಕಾಂಬರ ತಳಿಗಳು. ಹೋಗುವ ಮೊದಲು ಫೋನ್ ಮಾಡಿ, ಸಸಿ ಸದಾ ಇರುವುದಿಲ್ಲ.

ಮೊದಲು ಕೇಳಿದವರು (ಹನ್ನೆರಡು ದಿನದ ನಂತರ): ಸರ್, ಹಳೇ ಅಂಗಳದಲ್ಲಿ ಏನೂ ಉಳಿದಿರಲಿಲ್ಲ. ಆದರೆ ಚಿಕ್ಕಮ್ಮನ ಮನೆ ಬಾವಿಕಟ್ಟೆ ಹತ್ತಿರ ಅದೇ ತೆಳು ಬಣ್ಣದ್ದು ಸಿಕ್ಕಿತು! ಅಮ್ಮನೇ ಯಾವಾಗಲೋ ಕೊಟ್ಟಿದ್ದಂತೆ. ಇಡ್ಲಿ ಪಾತ್ರೆಯಲ್ಲಿ ನೀರು ಚಿಮುಕಿಸಿ ಮುಚ್ಚಿದೆ, ಮುಚ್ಚಳಕ್ಕೆ ಟಪ್ ಟಪ್ ಅಂತ ಹೊಡೆಯಿತು. ಹದಿನೇಳು ಬೀಜ. ಒದ್ದೆಯಾದವು ಲೋಳೆಲೋಳೆ ಆಗಿವೆ. ತೊಳೆಯಬೇಕಾ?

ಉತ್ತರ: ಬೇಡ ಅಕ್ಕ. ಆ ಲೋಳೆ ನೆಲಕ್ಕೆ ಅಂಟಿಕೊಳ್ಳಲು ಬೀಜವೇ ಮಾಡಿಕೊಂಡದ್ದು. ಒದ್ದೆಯಾದವನ್ನು ಇವತ್ತೇ ಮರಳಿಗೆ ಹಾಕಿ. ಒಣಗಿದ್ದು ನಾಲ್ಕೈದು ಉಳಿದಿದ್ದರೆ ಕಾಗದದಲ್ಲಿ ಮಡಚಿ ಚಿಕ್ಕಮ್ಮನ ಹತ್ತಿರವೇ ಇಡಲು ಹೇಳಿ.