ಗುಜರಿ ಗಾಡಿಯ ಹಿಂದಿನ ಆಕ್ಸಲ್: ರೇಶಿಯೋ ಪತ್ತೆ ಹಚ್ಚುವುದು ಹೇಗೆ?

ಒಬ್ಬರು ಕೇಳಿದ್ದಾರೆ: "ನನ್ನ ಹಳೇ ಕಾರಿಗೆ ಗುಜರಿಯಿಂದ ಹಿಂದಿನ ಆಕ್ಸಲ್ ತರಬೇಕು. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ. ಒಳಗಿನ ಕ್ರೌನ್-ಪಿನಿಯನ್ ರೇಶಿಯೋ ಎಷ್ಟು ಅಂತ ಅಲ್ಲೇ ತಿಳಿಯುವುದು ಹೇಗೆ? ಅನುಭವ ಇದ್ದವರು ಹೇಳಿ."

ಹೊಸಬರಿಗೆ ಒಂದು ಮಾತು: ಶಾಫ್ಟ್ ತುದಿಯ ಚಿಕ್ಕ ಗೇರ್ ಪಿನಿಯನ್, ಅದು ತಿರುಗಿಸುವ ಆಕ್ಸಲ್ ಒಳಗಿನ ದೊಡ್ಡ ಗೇರ್ ಕ್ರೌನ್. ಕ್ರೌನ್ ಒಂದು ಸುತ್ತು ಬರಲು ಪಿನಿಯನ್ ಎಷ್ಟು ಸುತ್ತು ಬರಬೇಕೋ ಅದೇ ರೇಶಿಯೋ. ನಾನು ಹೇಳುವುದು ಇಷ್ಟು. ಬಿಲ್ಲೆ ಇದ್ದರೆ ನೋಡಿ, ಆದರೆ ಅದನ್ನೇ ನಂಬಿ ದುಡ್ಡು ಕೊಡಬೇಡಿ. ಚಕ್ರ ತಿರುಗಿಸಿ ಎಣಿಸಿ. ಆಮೇಲೂ ಅನುಮಾನ ಉಳಿದರೆ ಹಲ್ಲು ಎಣಿಸಿ.

ಬಿಲ್ಲೆ ಅಂದರೆ ಡಿಫರೆನ್ಷಿಯಲ್ (ಎರಡು ಚಕ್ರಗಳೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಕವರ್‌ನ ಬೋಲ್ಟಿಗೆ ಸಿಕ್ಕಿಸಿರುವ ತಗಡಿನ ಚೂರು. ಗ್ರೀಸು, ಮಣ್ಣು ಮೆತ್ತಿರುತ್ತದೆ, ವೈರ್ ಬ್ರಷ್‌ನಲ್ಲಿ ಉಜ್ಜಿದರೆ ಅಕ್ಷರ ಕಾಣುತ್ತವೆ. ಫೋರ್ಡ್ ಆಕ್ಸಲ್‌ನಲ್ಲಿ 3ಎಲ್73 ಅಂತಿದ್ದರೆ ರೇಶಿಯೋ 3.73. ನಡುವಿನ ಎಲ್ ಅಂದರೆ ಲಿಮಿಟೆಡ್ ಸ್ಲಿಪ್, ಒಂದೇ ಚಕ್ರ ಸುಮ್ಮನೆ ಜಾರಿ ತಿರುಗದಂತೆ ತಡೆಯುವ ಡಿಫರೆನ್ಷಿಯಲ್. ಬಿಎಂಡಬ್ಲ್ಯು ಡಿಫರೆನ್ಷಿಯಲ್ ಮೇಲೆ ಎಸ್ 3.64 ಅಂತಿದ್ದರೆ ಆ ಎಸ್ ಕೂಡ ಲಿಮಿಟೆಡ್ ಸ್ಲಿಪ್ ಗುರುತೇ. ಜನರಲ್ ಮೋಟಾರ್ಸ್ ಗಾಡಿಗಳಲ್ಲಿ ಗ್ಲೋವ್ ಬಾಕ್ಸ್ ಸ್ಟಿಕರ್ ಹುಡುಕಿ, ಅದರಲ್ಲಿ ರೇಶಿಯೋದ ಕೋಡ್ ಇರುತ್ತದೆ. ಜಿಯು6 ಅಂದರೆ 3.42, ಜಿಟಿ4 ಅಂದರೆ 3.73, ಜಿಟಿ5 ಅಂದರೆ 4.10.

ಇಷ್ಟೆಲ್ಲ ಇದ್ದರೂ ನಂಬಬೇಡಿ ಅನ್ನುವುದು ಯಾಕೆ? ಆ ಗಾಡಿ ಎಷ್ಟೋ ಕೈ ದಾಟಿ ಬಂದಿರುತ್ತದೆ. ಮಧ್ಯದಲ್ಲಿ ಯಾರೋ ಕ್ರೌನ್-ಪಿನಿಯನ್ ಬದಲಾಯಿಸಿರುತ್ತಾರೆ, ಹಳೇ ಬಿಲ್ಲೆಯನ್ನು ಹಾಗೇ ವಾಪಸ್ ಸಿಕ್ಕಿಸಿರುತ್ತಾರೆ. ಸ್ಟಿಕರ್ ಹೇಳುವುದು ಗಾಡಿ ಫ್ಯಾಕ್ಟರಿಯಿಂದ ಹೊರಬಿದ್ದಾಗ ಏನಿತ್ತು ಅಂತ ಮಾತ್ರ. ಇನ್ನು ಹೌಸಿಂಗ್ (ಆಕ್ಸಲ್ಲಿನ ಹೊರಗಿನ ಚಿಪ್ಪು) ಮೇಲೆ ಎರಕದಲ್ಲೇ ಮೂಡಿರುವ ದೊಡ್ಡ ನಂಬರ್ ಹೌಸಿಂಗ್‌ನದು, ರೇಶಿಯೋ ಅಲ್ಲ. ಅದನ್ನು ತೋರಿಸಿ ರೇಶಿಯೋ ಇದೇ ಅಂದರೆ ಒಪ್ಪಬೇಡಿ.

ಈಗ ತಿರುಗಿಸಿ ಎಣಿಸುವ ವಿಷಯ. ಇದಕ್ಕೆ ಒಂದು ಚಾಕ್‌ಪೀಸ್, ಇಬ್ಬರು ಜನ ಸಾಕು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಬಿಟ್ಟಿರಲಿ, ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟಿರಲಿ. ಹಿಂದಿನ ಒಂದು ಚಕ್ರ ಮಾತ್ರ ಎತ್ತಿ, ಇನ್ನೊಂದು ನೆಲದ ಮೇಲೇ ಇರಲಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ, ಸ್ಟ್ಯಾಂಡ್ ಕೊಡಲೇಬೇಕು. ಟೈರ್ ಮೇಲೆ ಒಂದು ಗೆರೆ, ಪ್ರೊಪೆಲ್ಲರ್ ಶಾಫ್ಟ್ (ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಬರುವ ಉದ್ದ ಶಾಫ್ಟ್) ಮೇಲೆ ಒಂದು ಗೆರೆ ಎಳೆಯಿರಿ. ಎಣಿಸಲು ಶುರು ಮಾಡುವ ಮೊದಲು ಚಕ್ರವನ್ನು ತಿರುಗಿಸುವ ದಿಕ್ಕಿಗೇ ಸ್ವಲ್ಪ ತಳ್ಳಿ, ಹಲ್ಲುಗಳ ನಡುವಿನ ಸಡಿಲ ಹೋಗಲಿ. ಇಲ್ಲದಿದ್ದರೆ ಲೆಕ್ಕ ಅಲ್ಲೇ ಕೆಡುತ್ತದೆ.

ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ನಿಂತಿದ್ದರೆ, ಇನ್ನೊಂದು 2 ಸುತ್ತು ಬಂದಾಗ ಕ್ರೌನ್ 1 ಸುತ್ತು ಬರುತ್ತದೆ. ಅಂದರೆ ಚಕ್ರದ 2 ಸುತ್ತಿಗೆ ಶಾಫ್ಟ್ ಎಷ್ಟು ಸುತ್ತಿತೋ ಅದೇ ರೇಶಿಯೋ. ಆದರೆ 2 ಸುತ್ತಿಗೇ ನಿಲ್ಲಿಸಬೇಡಿ. 3.64ಕ್ಕೂ 3.73ಕ್ಕೂ ಆಗ ಇರುವ ವ್ಯತ್ಯಾಸ ಶಾಫ್ಟ್‌ನ ಒಂದು ಸುತ್ತಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ, ಬಗ್ಗಿ ನೋಡುವವರ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಚಕ್ರವನ್ನು 20 ಸುತ್ತು ತಿರುಗಿಸಿ, ಶಾಫ್ಟ್ ಸುತ್ತನ್ನು 10ರಿಂದ ಭಾಗಿಸಿ. ಶಾಫ್ಟ್ 36 ಸುತ್ತು ದಾಟಿ ಇನ್ನೂ ಅರ್ಧ ಆಗುವ ಮೊದಲೇ ನಿಂತರೆ 3.64, 37 ದಾಟಿ ಸ್ವಲ್ಪ ಮುಂದೆ ನಿಂತರೆ 3.73. ಅನುಮಾನಕ್ಕೆ ಜಾಗವೇ ಇಲ್ಲ. ಒಬ್ಬರು ಚಕ್ರದ ಸುತ್ತು ಜೋರಾಗಿ ಎಣಿಸಲಿ, ಇನ್ನೊಬ್ಬರು ಶಾಫ್ಟ್‌ನ ಗೆರೆ ಬಿಟ್ಟು ಬೇರೆಲ್ಲೂ ನೋಡದಿರಲಿ.

ಒಂದೇ ಚಕ್ರ ಎತ್ತಿದಾಗ ಅದು ತಿರುಗಲು ಹಟ ಮಾಡಿದರೆ ಲಿಮಿಟೆಡ್ ಸ್ಲಿಪ್ ಇರಬಹುದು. ಆಗ ಎರಡೂ ಚಕ್ರ ಎತ್ತಿ, ಒಟ್ಟಿಗೆ ಒಂದೇ ದಿಕ್ಕಿಗೆ 10 ಸುತ್ತು ತಿರುಗಿಸಿ. ಲೆಕ್ಕ ಅದೇ ಬರುತ್ತದೆ. ಎರಡೂ ಎತ್ತಿದಾಗ ಒಂದನ್ನು ತಿರುಗಿಸಿದರೆ ಇನ್ನೊಂದು ಉಲ್ಟಾ ತಿರುಗಿದರೆ ಸಾಮಾನ್ಯದ್ದು ಅಂತ ಜನ ಹೇಳುತ್ತಾರೆ. ಬಹಳ ಸಲ ಅದು ನಿಜ, ಆದರೆ ಕ್ಲಚ್ ಪ್ಲೇಟ್ ಸವೆದ ಲಿಮಿಟೆಡ್ ಸ್ಲಿಪ್ ಕೂಡ ಹಾಗೇ ತಿರುಗುತ್ತದೆ.

ಆಕ್ಸಲ್ ಆಗಲೇ ಬಿಚ್ಚಿ ನೆಲದ ಮೇಲಿದ್ದರೆ ಇನ್ನೂ ಸುಲಭ. ಒಂದು ಹಬ್ ಅಲುಗದಂತೆ ಹಿಡಿದು, ಇನ್ನೊಂದನ್ನು ತಿರುಗಿಸಿ, ಶಾಫ್ಟ್ ಬೋಲ್ಟ್ ಮಾಡುವ ತಟ್ಟೆಯ, ಅಂದರೆ ಪಿನಿಯನ್ ಫ್ಲ್ಯಾಂಜ್‌ನ ಸುತ್ತು ಎಣಿಸಿದರಾಯಿತು.

ಹಿಂದಿನ ಕವರ್ ಬಿಚ್ಚಲು ಬಿಟ್ಟರಂತೂ ಬಿಡಬೇಡಿ, ಬಿಚ್ಚಿಯೇ ನೋಡಿ. ಕ್ರೌನ್ ಅಂಚಿನಲ್ಲಿ 41 11 ಅಂತ ಎರಡು ನಂಬರ್ ಕೊರೆದಿರುವುದುಂಟು. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ 3.73. ಕೊರೆದಿಲ್ಲ ಅಂದರೆ ಒಂದು ಹಲ್ಲಿಗೆ ಬಣ್ಣ ಹಚ್ಚಿ ಕ್ರೌನ್ ಹಲ್ಲು ಎಣಿಸಿ. ಪಿನಿಯನ್ ಒಳಗೆ ಕೂತಿರುತ್ತದೆ, ಅದರ ಹಲ್ಲು ಎಣಿಸುವುದು ಕಷ್ಟ ಅಲ್ವಾ? ಅದು ಬೇಕಾಗಿಯೂ ಇಲ್ಲ. ಕ್ರೌನ್ 43 ಹಲ್ಲು, ತಿರುಗಿಸಿ ಎಣಿಸಿದಾಗ ಬಂದದ್ದು ಸುಮಾರು 3.9 ಅಂತಿಟ್ಟುಕೊಳ್ಳಿ. 43ನ್ನು 3.9ರಿಂದ ಭಾಗಿಸಿದರೆ 11.03 ಬರುತ್ತದೆ. ಅರ್ಧ ಹಲ್ಲು ಅಂತ ಇರುವುದಿಲ್ಲ, ಹಾಗಾಗಿ ಪಿನಿಯನ್ 11 ಹಲ್ಲಿನದು, ರೇಶಿಯೋ 3.909. ಹಳೇ ಎಂಜಿಬಿ ಕಾರಿನಲ್ಲಿದ್ದದ್ದು ಇದೇ. ಈ ಲೆಕ್ಕ ನನಗೆ ಬಹಳ ಇಷ್ಟ, ಎರಡು ಅರೆಬರೆ ಮಾಹಿತಿ ಸೇರಿ ಒಂದು ಪಕ್ಕಾ ಉತ್ತರ ಕೊಡುತ್ತದೆ.

ಕವರ್ ತೆಗೆದಾಗಲೇ ಎಣ್ಣೆಯನ್ನೂ ನೋಡಿ. ಸೀದ ವಾಸನೆ ಬಂದರೆ, ಲೋಹದ ಚೂರು ಕೈಗೆ ಸಿಕ್ಕರೆ, ರೇಶಿಯೋ ಎಷ್ಟೇ ಸರಿ ಇರಲಿ, ಬಿಟ್ಟುಬಿಡಿ.

ಕ್ರೌನ್, ಪಿನಿಯನ್ ಎರಡನ್ನೂ ಜೋಡಿಯಾಗಿಯೇ ತನ್ನಿ. ಅವು ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿ. ಹಲ್ಲಿನ ಲೆಕ್ಕ ಸರಿ ಇದೆ ಅಂತ ಬೇರೆ ಪಿನಿಯನ್ ಸೇರಿಸಿದರೆ ಊಳಿಡುವ ಶಬ್ದ ಶುರುವಾಗುತ್ತದೆ, ಹಲ್ಲು ಬೇಗ ಹಾಳಾಗುತ್ತದೆ. ಕೆಲವು ಆಕ್ಸಲ್‌ಗಳಲ್ಲಿ ಕ್ರೌನ್ ಕೂರುವ ಕ್ಯಾರಿಯರ್ ಕೂಡ ಬೇರೆಯಾಗುತ್ತದೆ. ಡಾನಾ 44 ಅನ್ನುವ ಆಕ್ಸಲ್ಲಿನಲ್ಲಿ 3.73 ಮತ್ತು ಅದಕ್ಕಿಂತ ಕೆಳಗಿನದಕ್ಕೆ ಒಂದು ಕ್ಯಾರಿಯರ್, 3.92 ಮತ್ತು ಮೇಲಿನದಕ್ಕೆ ಇನ್ನೊಂದು. ಹಾಗಾಗಿ ಆದಷ್ಟು ಪೂರ್ತಿ ಆಕ್ಸಲ್ಲೇ ತರುವುದು ವಾಸಿ. ನಾಲ್ಕೂ ಚಕ್ರಕ್ಕೆ ಡ್ರೈವ್ ಇರುವ ಗಾಡಿಯಾದರೆ ಮುಂದಿನ ಆಕ್ಸಲ್ ರೇಶಿಯೋ ಕೂಡ ಹೊಂದಬೇಕು, ಅದರಲ್ಲಿ ರಾಜಿ ಇಲ್ಲ.

ಇನ್ನೊಂದು ಮಾತು. ಹಳೇ ಕಾರುಗಳಲ್ಲಿ ಸ್ಪೀಡೋಮೀಟರ್ ಕೇಬಲ್ ಸಾಮಾನ್ಯವಾಗಿ ಗೇರ್‌ಬಾಕ್ಸ್‌ನಿಂದ ಬರುತ್ತದೆ. 3.73 ತೆಗೆದು 4.10 ಹಾಕಿದರೆ ಮುಳ್ಳು ಸುಮಾರು 10% ಜಾಸ್ತಿ ತೋರಿಸುತ್ತದೆ. ಸ್ಪೀಡೋಮೀಟರ್ ಗೇರ್ ಬದಲಾಯಿಸುವುದನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ನಿಮ್ಮ ಗಾಡಿ ಯಾವುದು, ಟೈರ್ ಸೈಜ್ ಏನು, ಈಗಿರುವ ರೇಶಿಯೋ ಎಷ್ಟು ಅಂತ ಬರೆಯಿರಿ. ಅದೇ ಮಾಡೆಲ್ ಬಿಚ್ಚಿ ನೋಡಿದವರು ಇಲ್ಲಿದ್ದರೆ ಯಾವ ಗಾಡಿಯ ಆಕ್ಸಲ್ ಹುಡುಕಬೇಕು ಅಂತ ನೇರವಾಗಿ ಹೇಳಬಹುದು.