ಮೈಎಸ್‌ಕ್ಯೂಎಲ್ ಡೇಟಾಬೇಸ್: ಲೆಫ್ಟ್ ಜಾಯಿನ್ ಹಾಕಿದೊಡನೆ ಸದಸ್ಯರ ಪಟ್ಟಿ ವಿಪರೀತ ನಿಧಾನ

ಪೊನ್ನಂಪೇಟೆ_ಕಾಫಿ:
ನಮ್ಮ ಬೆಳೆಗಾರರ ಸಂಘದಲ್ಲಿ ಈ ಹಂಗಾಮಿಗೆ ಯಾರು ಎಷ್ಟು ಚೀಲ ಕಾಫಿ ತಂದಿದ್ದಾರೆ, ಯಾರು ಏನೂ ತಂದಿಲ್ಲ ಎಂಬುದು ಒಂದೇ ಪಟ್ಟಿಯಲ್ಲಿ ಸಿಗಲೆಂದು ಸದಸ್ಯರ ಟೇಬಲ್ಲಿಗೆ ರಸೀದಿಗಳ ಟೇಬಲ್ಲನ್ನು ಲೆಫ್ಟ್ ಜಾಯಿನ್ (ರಸೀದಿ ಇಲ್ಲದ ಸದಸ್ಯರೂ ಉಳಿಯುವ ಜೋಡಣೆ) ಮಾಡಿದ್ದೇನೆ. ಇನ್ನರ್ ಜಾಯಿನ್ (ರಸೀದಿ ಇದ್ದವರು ಮಾತ್ರ ಬರುವ ಜೋಡಣೆ) ಆದರೆ ಉತ್ತರ ತಕ್ಷಣ ಬರುತ್ತದೆ; ಲೆಫ್ಟ್ ಜಾಯಿನ್ ಆದರೆ ಊಟ ಮುಗಿಸಿ ಬಂದರೂ ಬಂದಿರುವುದಿಲ್ಲ. ಬೇಗ ಹುಡುಕಲು ಬೇಕಾದ ಇಂಡೆಕ್ಸ್ ಇದೆ, ದಯವಿಟ್ಟು ಅದನ್ನೇ ಮತ್ತೆ ಕೇಳಬೇಡಿ.

ಬೆಟ್ಟದಂಚು:
ಬಫರ್ ಪೂಲ್ (ಓದಿದ ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಹೆಚ್ಚಿಸಿ. ಮೊದಲಿಗೆ ಅದು ಬರೀ 128 ಎಂಬಿ ಇರುತ್ತದೆ. ಸೋಮವಾರಪೇಟೆಯ ನನ್ನ ಮನೆಯ ಸರ್ವರ್‌ಗೆ 64 ಜಿಬಿ ಮೆಮೊರಿ ಹಾಕಿದ್ದೇನೆ. ಮಳೆಗಾಲದಲ್ಲಿ ಇಡೀ ದಿನ ಕರೆಂಟ್ ಹೋದರೂ ಇನ್ವರ್ಟರ್ ಮೇಲೆ ನಡೆಯುತ್ತದೆ.

ಕಿತ್ತಳೆ:
ಹಂಗಾಮಿನ ದಿನಾಂಕದ ಷರತ್ತನ್ನು ಸಾಲುಗಳನ್ನು ಸೋಸುವ ವೇರ್‌ನಲ್ಲಿ ಬರೆದಿದ್ದೀರಾ? ಹಾಗಿದ್ದರೆ ಏನೂ ತರದವರ ಸಾಲಿನಲ್ಲಿ ದಿನಾಂಕ ನಲ್ (ಖಾಲಿ) ಆಗಿರುವುದರಿಂದ ಅವರು ಪಟ್ಟಿಯಿಂದಲೇ ಬಿದ್ದುಹೋಗುತ್ತಾರೆ. ಅದನ್ನು ಟೇಬಲ್ಲುಗಳನ್ನು ಜೋಡಿಸುವ ಆನ್ ಭಾಗಕ್ಕೆ ಒಯ್ಯಿರಿ.

ಬೆಟ್ಟದಂಚು:
ಅವರು ಕೇಳಿದ್ದು ವೇಗದ ವಿಚಾರ, ಸರಿ ತಪ್ಪಿನದಲ್ಲ.

ಕಿತ್ತಳೆ:
ತಪ್ಪು ಪಟ್ಟಿ ವೇಗವಾಗಿ ಬಂದು ಏನು ಪ್ರಯೋಜನ ಸರ್?

ಪೊನ್ನಂಪೇಟೆ_ಕಾಫಿ:
ದಿನಾಂಕ ಆನ್‌ನಲ್ಲಿಯೇ ಇದೆ. ಬಫರ್ ಪೂಲ್ ಹೆಚ್ಚಿಸಿದ್ದಾಯಿತು, ವ್ಯತ್ಯಾಸವೇನೂ ಕಾಣಲಿಲ್ಲ.

ಬೆಟ್ಟದಂಚು:
ಇನ್ನೂ ಹೆಚ್ಚಿಸಿ ನೋಡಿ.

ಕಕ್ಕಡ:
ಮೆಮೊರಿಯ ಮಾತು ಸಾಕು. ಟೇಬಲ್ಲುಗಳನ್ನು ಹೇಗೆ ಓದುತ್ತದೆ ಎಂದು ತೋರಿಸುವ ಎಕ್ಸ್‌ಪ್ಲೇನ್ ಕೊಟ್ಟು, ಅದರ ಬೆನ್ನಿಗೇ ಎಚ್ಚರಿಕೆಗಳನ್ನು ತೋರಿಸುವ ಷೋ ವಾರ್ನಿಂಗ್ಸ್ ಕೊಟ್ಟು, ಬಂದದ್ದನ್ನು ಇಲ್ಲಿ ಹಾಕಿ. ಎರಡೂ ಟೇಬಲ್ಲುಗಳಲ್ಲಿ ಸದಸ್ಯ ಸಂಖ್ಯೆಯ ಕಾಲಮ್ ಯಾವ ಬಗೆಯದು ಎಂಬುದನ್ನೂ ತಿಳಿಸಿ.

ಪೊನ್ನಂಪೇಟೆ_ಕಾಫಿ:
ಆವೃತ್ತಿ 5.7. ರಸೀದಿಯ ಸಾಲಿನಲ್ಲಿ ಟೈಪ್ 'ಆಲ್' (ಇಡೀ ಟೇಬಲ್ ಓದುವುದು) ಎಂದಿದೆ. ಬಗೆಯ ಬದಲಾವಣೆಯಿಂದಾಗಿ ಇಂಡೆಕ್ಸ್ ಬಳಸಲಾಗದು ಎಂಬ ಎಚ್ಚರಿಕೆಯೂ ಬಂದಿದೆ. ಸದಸ್ಯರ ಟೇಬಲ್ಲಿನಲ್ಲಿ ಸಂಖ್ಯೆ ಇಂಟ್ (ಅಂಕಿ), ರಸೀದಿಯಲ್ಲಿ ವಾರ್‌ಚಾರ್ (ಅಕ್ಷರ). ಇದು ಅಷ್ಟು ದೊಡ್ಡ ವಿಷಯವೇ?

ಕಕ್ಕಡ:
ಇಡೀ ವಿಷಯ ಅದೇ. ಅಕ್ಷರದ ಕಾಲಮ್ಮನ್ನು ಅಂಕಿಯೊಡನೆ ಹೋಲಿಸುವಾಗ '457', '0457', ' 457' ಎಲ್ಲವೂ 457 ಆಗುತ್ತವೆ. ಅಕ್ಷರಕ್ರಮದಲ್ಲಿ ಜೋಡಿಸಿದ ಇಂಡೆಕ್ಸಿನಲ್ಲಿ ಅವು ಬೇರೆ ಬೇರೆ ಕಡೆ ಇರುವುದರಿಂದ ಅದು ಹುಡುಕಾಟಕ್ಕೆ ಒದಗುವುದಿಲ್ಲ, ಪ್ರತಿ ಸದಸ್ಯನಿಗೂ ರಸೀದಿಗಳನ್ನೆಲ್ಲ ಓದಬೇಕಾಗುತ್ತದೆ. ಇನ್ನರ್ ಜಾಯಿನ್‌ನಲ್ಲಿ ಓದುವ ದಾರಿಯನ್ನು ಆರಿಸುವ ಆಪ್ಟಿಮೈಸರ್ ಕ್ರಮವನ್ನು ತಿರುಗಿಸಿ, ರಸೀದಿಯನ್ನು ಮೊದಲು ಓದಿ, ಸದಸ್ಯನನ್ನು ಇಂಟ್ ಕೀಲಿಯಿಂದ ಹುಡುಕಬಲ್ಲದು. ಲೆಫ್ಟ್ ಜಾಯಿನ್‌ನಲ್ಲಿ ಎಡಗಡೆಯದನ್ನೇ ಮೊದಲು ಓದಬೇಕಾದ್ದರಿಂದ ಆ ದಾರಿ ಮುಚ್ಚಿದೆ. ರಸೀದಿಯ ಕಾಲಮ್ಮನ್ನು ಇಂಟ್‌ಗೆ ಬದಲಿಸಿ. ಮೊದಲು ಬ್ಯಾಕಪ್ ತೆಗೆದುಕೊಳ್ಳಿ.

ಬೆಟ್ಟದಂಚು:
8.0.20ರಿಂದ ಔಟರ್ ಜಾಯಿನ್‌ಗೂ (ಲೆಫ್ಟ್ ಜಾಯಿನ್ ಅದರಲ್ಲೊಂದು) ಇಂಡೆಕ್ಸ್ ಇಲ್ಲದೆಯೇ ಬೇಗ ಜೋಡಿಸುವ ಹ್ಯಾಶ್ ಜಾಯಿನ್ ಬಂದಿದೆ. ಆವೃತ್ತಿ ಏರಿಸಿದರೂ ಆದೀತು.

ಕಕ್ಕಡ:
ಏರಿಸಲಿ, ಆದರೆ ಕಾಲಮ್ಮನ್ನು ಹಾಗೆಯೇ ಬಿಡುವುದು ಬೇಡ.

ಪೊನ್ನಂಪೇಟೆ_ಕಾಫಿ:
ಇಂಟ್‌ಗೆ ಬದಲಿಸಲು ಹೋದರೆ ದೋಷ ತೋರಿಸುತ್ತಿದೆ. ವಿರಾಜಪೇಟೆ ಡಿಪೋದವರು ತಮ್ಮ ರಸೀದಿಗಳಲ್ಲಿ ಸಂಖ್ಯೆಗೆ ಮೊದಲು 'ವಿ' ಎಂದು ಸೇರಿಸಿದ್ದಾರೆ.

ಕಿತ್ತಳೆ:
ಅಕ್ಷರದಿಂದ ಶುರುವಾದದ್ದು ಅಂಕಿಯಾದಾಗ ಸೊನ್ನೆಯಾಗುತ್ತದೆ. ಹಾಗಾಗಿ ಆ ರಸೀದಿಗಳು ಈವರೆಗೆ ಯಾವ ಸದಸ್ಯನಿಗೂ ಸೇರಿಲ್ಲ. ಇನ್ನರ್ ಜಾಯಿನ್‌ನ ಮೊತ್ತಗಳನ್ನೂ ಒಮ್ಮೆ ನೋಡಿ.

ಪೊನ್ನಂಪೇಟೆ_ಕಾಫಿ:
ನೋಡಿದೆ. ಕಾಫಿ ತಂದಿಲ್ಲವೆಂದು ಕಳೆದ ವಾರ ನಾವು ಪತ್ರ ಕಳುಹಿಸಿದವರಲ್ಲಿ ಹೆಚ್ಚಿನವರು ಆ ಡಿಪೋದವರೇ. 'ವಿ' ತೆಗೆದುಹಾಕುವ ಮುನ್ನ ಕಾರ್ಯದರ್ಶಿಯವರನ್ನು ಕೇಳಬೇಕು.

ಬೆಟ್ಟದಂಚು:
ಬಫರ್ ಪೂಲ್ ಈಗ ಎಷ್ಟಿದೆ?